ಹಳೇ ರಟ್ಟು, ಹೊಸ ಪೆಟ್ಟಿಗೆ

ಮಾವಿನ ಕಾಲ ಬಂತು ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ರಟ್ಟಿನ ಪೆಟ್ಟಿಗೆ ಬೇಕೇ ಬೇಕು. ಅಂಗಡಿಗೆ ಬಿಸ್ಕತ್ತು ಬರೋದೂ ಪೆಟ್ಟಿಗೆಯಲ್ಲೇ. ಮದುವೆ ಮನೆಯ ಮಿಠಾಯಿಗೂ ರಟ್ಟಿನ ಡಬ್ಬ. ಖಾಲಿಯಾದ ಮೇಲೆ ಏನು ಮಾಡ್ತೀವಿ? ಒಲೆಗೆ ಹಾಕ್ತೀವಿ. ಇಲ್ಲಾ ಬೀದಿಗೆ ಎಸೀತೀವಿ. ಆದರೆ ಆ ರಟ್ಟಿನಿಂದ ಮತ್ತೆ ಪೆಟ್ಟಿಗೆ ಮಾಡಬಹುದು.

ಹೇಗೆ? ರೇಷ್ಮೆ ಕಂಡ ನಮಗೆ ಇದು ಬೇಗ ತಿಳಿಯುತ್ತದೆ. ಗೂಡನ್ನು ಬಿಸಿನೀರಿಗೆ ಹಾಕಿದರೆ ಅಂಟು ಸಡಿಲವಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ರಟ್ಟಿನಲ್ಲೂ ಎಳೆ ಇದೆ. ಅದು ಮರದ ನಾರು, ಬಹಳ ಸಣ್ಣದು. ಕಾರ್ಖಾನೆಯಲ್ಲಿ ದೊಡ್ಡ ತೊಟ್ಟಿಯ ನೀರಿಗೆ ರಟ್ಟು ಹಾಕಿ ಕಡೆಯುತ್ತಾರೆ. ಅದು ಗಂಜಿಯಂತೆ ಆಗುತ್ತದೆ. ಪಿನ್ನು, ಟೇಪು, ಪ್ಲಾಸ್ಟಿಕ್ ಚೂರು ತೆಗೆಯುತ್ತಾರೆ. ಗಂಜಿಯನ್ನು ಜಾಲರಿ ಮೇಲೆ ತೆಳ್ಳಗೆ ಹರಡಿ, ಹಿಂಡಿ, ಒಣಗಿಸುತ್ತಾರೆ. ಕಂದು ಕಾಗದ ಬರುತ್ತದೆ. ಎರಡು ಹಾಳೆಯ ನಡುವೆ ಅಲೆ ಅಲೆಯಾಗಿ ಮಡಿಸಿದ ಹಾಳೆ ಅಂಟಿಸಿದರೆ ಮತ್ತೆ ರಟ್ಟು. ಮೊಟ್ಟೆ ಇಡುವ ತಟ್ಟೆ ಇದೆಯಲ್ಲ, ಅದನ್ನೂ ಹಳೇ ಕಾಗದದ ಗಂಜಿಯಿಂದಲೇ ಮಾಡುತ್ತಾರೆ.

ಇದಕ್ಕೆ ದೊಡ್ಡ ಶತ್ರು ಎಣ್ಣೆ. ಬೋಂಡಾ, ಜಿಲೇಬಿ, ಕಬಾಬು ಕಟ್ಟಿದ ಡಬ್ಬ ಜಿಡ್ಡಾಗಿರುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ನಾರನ್ನು ಹಿಡಿದುಕೊಂಡೇ ಇರುತ್ತದೆ. ಕಾಗದದಲ್ಲಿ ಕಲೆ ಬೀಳುತ್ತದೆ. ಜಿಡ್ಡಿನ ಡಬ್ಬ ಪಕ್ಕದ ಒಳ್ಳೇ ರಟ್ಟನ್ನೂ ಕೆಡಿಸುತ್ತದೆ. ಕಲೆ ಬಿದ್ದ ಗೂಡು ಸೇರಿಕೊಂಡರೆ ಮಾರುಕಟ್ಟೆಯಲ್ಲಿ ಎಂಥ ರೇಟು ಸಿಗುತ್ತೆ, ನಿಮಗೇ ಗೊತ್ತು.

ಹಾಗಾಗಿ ಡಬ್ಬವನ್ನು ಹರಿದು ನೋಡಿ. ಒಣಗಿದ ಮುಚ್ಚಳ ಒಣ ಕಸಕ್ಕೆ. ಜಿಡ್ಡಿನ ತಳ ಚೂರು ಮಾಡಿ ತಿಪ್ಪೆಗೆ. ಕೊಳೆತು ಗೊಬ್ಬರ ಆಗುತ್ತದೆ. ಒಳಗೆ ಪ್ಲಾಸ್ಟಿಕ್ ಪೊರೆ ಇದ್ದರೆ ಮಾತ್ರ ತಿಪ್ಪೆಗೆ ಬೇಡ. ಹಣ್ಣಿನ ರಸದ ಡಬ್ಬದಲ್ಲಿ ಕಾಗದದ ಜೊತೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಅಂಟಿರುತ್ತೆ. ಅದನ್ನು ತೊಳೆದು ಬೇರೆ ಇಡಿ.

ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕು ಅಂತ 2016ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಮ್ಮ ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರೇ ಕಸದ ಗಾಡಿ ಓಡಿಸುತ್ತಾರೆ. ಒಣ ಕಸ ವಿಂಗಡಿಸಿ ಮಾರುತ್ತಾರೆ. ಸಾರು ಮೆತ್ತಿದ ಡಬ್ಬ ಬಂದರೆ ನಾತ, ಹುಳ. ಅದಕ್ಕೆ ಕೈ ಹಾಕಬೇಕಾದವಳು ನಮ್ಮಂಥ ಒಬ್ಬ ಹೆಂಗಸು. ಮಾರೋಣ ಅಂದರೆ ಅದಕ್ಕೆ ಬೆಲೆಯೂ ಇಲ್ಲ.

ಇನ್ನೊಂದು ಮಾತು. ಅಚ್ಚು ಹಾಕಿದ ಹಳೇ ರಟ್ಟಿನ ಮೇಲೆ ಬಿಸಿ ವಡೆ ಹರಡಬೇಡಿ. ಶಾಯಿ ತಿಂಡಿಗೆ ಹತ್ತುತ್ತದೆ. ಪೇಪರಿನಲ್ಲಿ ತಿಂಡಿ ಕಟ್ಟಬಾರದು ಅಂತ 2018ರ ನಿಯಮವೇ ಇದೆ. ಬಾಳೆಲೆ ಇದೆಯಲ್ಲ!

ಪೆಟ್ಟಿಗೆಯನ್ನು ಬಿಚ್ಚಿ ಚಪ್ಪಟೆ ಮಾಡಿ, ಮಳೆ ಬೀಳದ ಕಡೆ ಇಡಿ. ನೆಂದ ರಟ್ಟು ಜಾಸ್ತಿ ತೂಗುತ್ತೆ, ನಿಜ. ಗುಜರಿಯವನೂ ಪೆದ್ದನಲ್ಲ, ನೀರಿನ ತೂಕ ಕಳೆದೇ ದುಡ್ಡು ಕೊಡ್ತಾನೆ. ಆದರೆ ತಕ್ಕಡಿಯ ಅಂಕಿಯನ್ನು ಈಗ ನೀವೇ ಓದಬಲ್ಲಿರಿ. ಎಷ್ಟು ಕಿಲೋ, ಕಿಲೋಗೆ ಎಷ್ಟು ರೂಪಾಯಿ ಅಂತ ಕೇಳಿ, ಬರೆದುಕೊಂಡೇ ದುಡ್ಡು ತೆಗೆದುಕೊಳ್ಳಿ.