ಸೊಂಟದ ಬಿಗಿತ ಮತ್ತು ಚಾಚುವ ವ್ಯಾಯಾಮ

ಊರಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಿದ್ದ ನಾವು ಪುಣೆಗೆ ಬಂದು ಕುರ್ಚಿಗೆ ಒಗ್ಗಿಹೋಗಿದ್ದೇವೆ. ಬಿಬವೇವಾಡಿಯಿಂದ ಹೊರಟ ವಾಹನದಲ್ಲಿಯೂ ಕುಳಿತಿರುವುದೇ, ಕಚೇರಿಯಲ್ಲಿಯೂ ಕುಳಿತಿರುವುದೇ. ಸತ್ಯನಾರಾಯಣ ಪೂಜೆಗೆ ಮಣೆಯ ಮೇಲೆ ಕುಳಿತ ಯಜಮಾನರು ಏಳಲು ಇನ್ನೊಬ್ಬರ ಕೈ ಹಿಡಿಯಬೇಕಾದ ಪ್ರಸಂಗ ಇಂದು ಅಪರೂಪವಲ್ಲ.

ಸೊಂಟದ ಕೀಲು ಬಟ್ಟಲಿನೊಳಗೆ ಕೂಡಿಸಿದ ಗುಂಡಿನಂತಿದೆ. ಬೆನ್ನುಮೂಳೆಯ ಕೆಳಭಾಗದಿಂದ ಹೊರಟು ತೊಡೆಮೂಳೆಯನ್ನು ಸೇರುವ ಸ್ನಾಯುವೊಂದು ತೊಡೆಯನ್ನು ಮೇಲಕ್ಕೆತ್ತುತ್ತದೆ. ಕುಳಿತಾಗ ಇದು ಗಿಡ್ಡವಾಗಿಯೇ ಇರುತ್ತದೆ. ನಡೆಯುವಾಗ ಕಾಲು ಹಿಂದಕ್ಕೆ ಹೋಗಲು ಇದು ಚಾಚಿಕೊಳ್ಳಬೇಕು. ಬಿಗಿದಿದ್ದರೆ ಬೆನ್ನು ಒಳಬಾಗಿ ಭಾರವನ್ನು ಹೊರಬೇಕಾಗುತ್ತದೆ.

ಈ ಸ್ನಾಯುವನ್ನು ಅರ್ಧ ನಿಮಿಷ ಮೆಲ್ಲನೆ ಚಾಚಿ ಹಿಡಿದರೆ ಕೀಲು ಆಗಲೇ ಕೆಲವು ಡಿಗ್ರಿ ಹೆಚ್ಚು ಚಲಿಸುತ್ತದೆ. ಇದನ್ನು ಕಂಡು ಸ್ನಾಯು ಉದ್ದವಾಯಿತೆಂದು ಭಾವಿಸುವುದು ಸಹಜ. ಆದರೆ ನಡೆದದ್ದು ಬೇರೆ. ಸ್ನಾಯುವಿನ ಪ್ರತಿರೋಧ ತಾತ್ಕಾಲಿಕವಾಗಿ ಸ್ವಲ್ಪ ತಗ್ಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಳೆತವನ್ನು ನೋವೆಂದು ಸಾರುತ್ತಿದ್ದ ನರಮಂಡಲ ಅದನ್ನು ಇನ್ನಷ್ಟು ಸಹಿಸಲು ಒಪ್ಪಿರುತ್ತದೆ. ಆದ್ದರಿಂದಲೇ ಈ ಸಡಿಲಿಕೆಯ ಬಹುಪಾಲು ಕೆಲವು ನಿಮಿಷಗಳಿಂದ ಅರ್ಧ ಗಂಟೆಯೊಳಗೆ ಕರಗಿಹೋಗುತ್ತದೆ. ನೋವಿನ ಎಲ್ಲೆ ಸರಿದಿದೆಯೆಂದು ಹಟದಿಂದ ಮತ್ತಷ್ಟು ಎಳೆದರೆ ಸ್ನಾಯುವಿಗೆ ಪೆಟ್ಟಾಗುವ ಭಯವುಂಟು.

ನಿಲ್ಲುವ ಫಲಕ್ಕೆ ನಿತ್ಯಾಭ್ಯಾಸವೇ ಬೇಕು. ತೊಡೆಯ ಹಿಂಭಾಗದ ಸ್ನಾಯುಗಳ ಬಗ್ಗೆ ಅಮೆರಿಕೆಯಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ವಾರಕ್ಕೆ 5 ದಿನದಂತೆ 6 ವಾರ ಅಭ್ಯಾಸ ಮಾಡಿಸಲಾಯಿತು. 15 ಸೆಕೆಂಡಿಗಿಂತ 30 ಸೆಕೆಂಡು ಹೆಚ್ಚು ಫಲ ನೀಡಿತು. 60 ಸೆಕೆಂಡು ಹಿಡಿದವರಿಗೆ ಅದಕ್ಕಿಂತ ಹೆಚ್ಚಿನ ಲಾಭವಾಗಲಿಲ್ಲ.

ಈ ತಾಳ್ಮೆಯ ಪಾಠವನ್ನು ಪುಣೆಯಲ್ಲಿ ಕಲಿಸಿದವರು ಕನ್ನಡ ನಾಡಿನವರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ರೋಗಪೀಡಿತರಾಗಿದ್ದವರು. 1937ರಲ್ಲಿ ಪುಣೆಗೆ ಬಂದು, 2014ರಲ್ಲಿ ನಿಧನರಾಗುವವರೆಗೂ ಇಲ್ಲಿಯೇ ನೆಲೆಸಿದರು. 1975ರಲ್ಲಿ ಶಿವಾಜಿನಗರ ಭಾಗದಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ಆರಂಭವಾಯಿತು. ಬಿಗಿತವಿರುವವರೂ ಬಲಾತ್ಕಾರವಿಲ್ಲದೆ ಆಸನದಲ್ಲಿ ನಿಲ್ಲುವಂತೆ ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ಆಸರೆಯನ್ನು ಅವರು ಬಳಕೆಗೆ ತಂದರು.

ಮನೆಯಲ್ಲಿ ಮಾಡಬಹುದಾದ ಸರಳ ಕ್ರಮವೊಂದಿದೆ. ಸ್ವಲ್ಪ ನಡೆದಾಡಿ ಮೈ ಬೆಚ್ಚಗಾದ ಮೇಲೆ, ಬಲ ಮೊಣಕಾಲನ್ನು ಮಡಿಸಿದ ಕಂಬಳಿಯ ಮೇಲೆ ಊರಿ ಎಡಪಾದವನ್ನು ಮುಂದಿಡಿ. ಕುರ್ಚಿಯನ್ನು ಹಿಡಿದು, ಬೆನ್ನನ್ನು ನೆಟ್ಟಗಿರಿಸಿ, ಬಲತೊಡೆಯ ಮುಂಭಾಗದಲ್ಲಿ ಹಿತವಾದ ಎಳೆತ ತೋರುವವರೆಗೆ ಸೊಂಟವನ್ನು ಮುಂದೆ ಸರಿಸಿ. ಉಸಿರು ಕಟ್ಟದೆ 30 ಸೆಕೆಂಡು ನಿಂತು, ಬಳಿಕ ಕಾಲು ಬದಲಿಸಿ. ಪ್ರತಿ ಬದಿಗೆ ಎರಡು ಮೂರು ಸಲ ಸಾಕು. ತೊಡೆಸಂದಿನಲ್ಲಿ ಚುಚ್ಚುವ ನೋವಿರುವವರು, ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಇದನ್ನು ಮಾಡಕೂಡದು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಒಂದು ದಿನದ ಸಡಿಲಿಕೆ ಕೈಗಡ. ಅರ್ಧ ಗಂಟೆಯಲ್ಲಿ ಹಿಂತಿರುಗಿಸಲೇಬೇಕು. ದಿನವೂ ಕಟ್ಟುವ ಸಣ್ಣ ಕಂತೇ ಮುಪ್ಪಿಗೆ ಒದಗುವ ಠೇವಣಿ.