ದೂರದ ಸೈಕಲ್ ಸವಾರಿ: ಹೊಸಬರು ಎಲ್ಲಿಂದ ಆರಂಭಿಸಬೇಕು?

ಜುಮೇರಾ ಲೇಕ್ ಟವರ್ಸ್, ದುಬೈ: ಇಲ್ಲಿನ ಕೆರೆಗಳ ಸುತ್ತ ಸಂಜೆ ವಾಕಿಂಗ್ ಮಾಡುವ ಕನ್ನಡಿಗರಲ್ಲಿ ಅನೇಕರು ಊರಿನಲ್ಲಿ ಶಾಲೆ, ಕಾಲೇಜಿಗೆ ಸೈಕಲ್ ತುಳಿದವರೇ. ಈಗ ಮತ್ತೆ ಸೈಕಲ್ ಹತ್ತಿ ನೂರಾರು ಕಿಲೋಮೀಟರ್ ಹೋಗುವ ಆಸೆ ಇರುವವರು ಮೊದಲು ಕೇಳುವುದು "ಎಷ್ಟು ದುಡ್ಡಿನ ಸೈಕಲ್ ಬೇಕು?" ಎಂದು. ಬೆಲೆಗಿಂತ ಮುಖ್ಯವಾದುವು ಸೈಕಲಿನ ಅಳತೆ, ಕುಡಿಯುವ ನೀರು ಮತ್ತು ಹೊರಡುವ ಹೊತ್ತು.

ಇದು ವೇಗದ ಪಂದ್ಯವಲ್ಲ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ನಿಯಮದ 'ಬ್ರೆವೆ' ಸವಾರಿಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300 ಕಿ.ಮೀ.ಗೆ 20 ಗಂಟೆ, 600 ಕಿ.ಮೀ.ಗೆ 40 ಗಂಟೆ ಅವಕಾಶವಿದೆ. ತಿಂಡಿ, ವಿಶ್ರಾಂತಿ ಸೇರಿ ಗಂಟೆಗೆ ಸರಾಸರಿ 15 ಕಿ.ಮೀ. ಸಾಗಿದರೆ ಸಾಕು. ಇಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ಬೆಂಗಳೂರಿನಲ್ಲೂ ಬ್ರೆವೆಗಳು ನಡೆಯುತ್ತವೆ. ರಜೆಗೆ ಊರಿಗೆ ಹೋದಾಗ ಒಂದನ್ನು ಮುಗಿಸುವ ಗುರಿ ಇಟ್ಟುಕೊಳ್ಳಬಹುದು.

ಎಲ್ಲಿ ಅಭ್ಯಾಸ? ದುಬೈನಲ್ಲಿ 2022ರ ನಿಯಮದಂತೆ ಗಂಟೆಗೆ 60 ಕಿ.ಮೀ. ಅಥವಾ ಹೆಚ್ಚಿನ ವೇಗಮಿತಿಯ ರಸ್ತೆಗಳಲ್ಲಿ ಸೈಕಲ್ ಓಡಿಸುವಂತಿಲ್ಲ. ಹೆಲ್ಮೆಟ್ ಕಡ್ಡಾಯ. ಹಾಗಾಗಿ ಸೈಕಲನ್ನು ಕಾರಿನಲ್ಲಿ ಹಾಕಿಕೊಂಡು ಅಲ್ ಕುದ್ರಾ ಟ್ರ್ಯಾಕ್‌ಗೆ ಹೋಗುವುದೇ ವಾಸಿ. ಸೇಹ್ ಅಸ್ಸಲಾಮ್‌ನಿಂದ ಹೊರಟು, ಮರುಭೂಮಿಯ ನಡುವಿನ ಸುತ್ತನ್ನು ಮುಗಿಸಿ ಮರಳಿದರೆ ಸುಮಾರು 86 ಕಿ.ಮೀ. ಆಗುತ್ತದೆ. ಮೊದಲ ವಾರ 20 ಕಿ.ಮೀ. ಸಾಕು. ಆಮೇಲೆ ವಾರವಾರ ಸ್ವಲ್ಪಸ್ವಲ್ಪವೇ ಹೆಚ್ಚಿಸಿ.

ಯಾವ ಸೈಕಲ್? ತೀರಾ ಬಗ್ಗಿ ಕೂರಬೇಕಾದ ರೇಸ್ ಸೈಕಲ್ ಬೇಡ. ಹ್ಯಾಂಡಲ್ ತುಸು ಎತ್ತರವಿರುವ, 28ರಿಂದ 32 ಮಿ.ಮೀ. ಟೈರು ಹಿಡಿಸುವ 'ಎಂಡ್ಯೂರೆನ್ಸ್' ರೋಡ್ ಬೈಕ್ ಅನುಕೂಲ. ಮನೆಯಲ್ಲಿ ಹೈಬ್ರಿಡ್ ಸೈಕಲ್ ಇದ್ದರೆ ಅದರಲ್ಲೇ ಆರಂಭಿಸಿ. ಸೀಟಿನ ಮೇಲೆ ಕುಳಿತು ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಸೀಟು ತಗ್ಗಾದರೆ ಮೊಣಕಾಲು ನೋಯುತ್ತದೆ. ಉಳಿಸಿದ ಹಣದಲ್ಲಿ ಪ್ಯಾಡ್ ಇರುವ ಚಡ್ಡಿ, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ದೀಪ, ಎರಡು ನೀರಿನ ಬಾಟಲಿ, ಹೆಚ್ಚುವರಿ ಟ್ಯೂಬ್, ಕೈ ಪಂಪ್ ಕೊಳ್ಳಿ. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿಯಿರಿ; ಮರುಭೂಮಿಯ ಮಧ್ಯೆ ಸೈಕಲ್ ಶಾಪ್ ಇರುವುದಿಲ್ಲ.

ಸೆಖೆಯ ಬಗ್ಗೆ ಎಚ್ಚರ: ಬೇಸಿಗೆಯಲ್ಲಿ ನಸುಕಿನಲ್ಲೇ ಹೊರಟರೂ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ದೇಹ ತಣಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ಒಂದು ಬಾಟಲಿಗೆ ಚಿಟಿಕೆ ಉಪ್ಪು, ಸಕ್ಕರೆ ಹಾಕಿಕೊಳ್ಳಿ. ಗಂಟೆಗೊಮ್ಮೆ ಬಾಳೆಹಣ್ಣು ಅಥವಾ ಖರ್ಜೂರ ತಿನ್ನಿ. ತಲೆ ಸುತ್ತಿದರೆ, ಬಿಸಿಲಲ್ಲೂ ಮೈ ಜುಮ್ಮೆಂದು ಚಳಿಯಾದರೆ ತಕ್ಷಣ ನಿಂತು ನೆರಳು ಸೇರಿ, ಜೊತೆಗಾರರಿಗೆ ತಿಳಿಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕಾಣುವುದು ಒಳ್ಳೆಯದು.

ಅಕ್ಟೋಬರ್ ಕಳೆದರೆ ಹವೆ ಹಿತವಾಗುತ್ತದೆ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು, ಮೂವರು ಗೆಳೆಯರು ಸೇರಿ ಹೊರಡಿ. ದೂರ ತಾನಾಗಿಯೇ ಕರಗುತ್ತದೆ. ಶುಭ ಸವಾರಿ!