ಬೆಕ್ಕಿನ ರಕ್ತಪರೀಕ್ಷೆ: ಒಂದು ಸಾಕ್ಷ್ಯವಿಮರ್ಶೆ

ಶಾಸನವೊಂದನ್ನು ಓದುವಾಗ ಅದರಲ್ಲಿ ಏನು ಬರೆದಿದೆ ಎಂಬುದರೊಡನೆ, ಅದು ಯಾವ ಸಂದರ್ಭದಲ್ಲಿ ಹುಟ್ಟಿತೆಂಬುದನ್ನೂ ನಾವು ವಿಚಾರಿಸುತ್ತೇವೆ. ಪ್ರಯೋಗಶಾಲೆಯ ಅಂಕಿಗಳಿಗೂ ಈ ನಿಯಮವು ಸಲ್ಲತಕ್ಕದ್ದು. ಬೆಕ್ಕಿನ ರಕ್ತಪರೀಕ್ಷೆ ಇದಕ್ಕೊಂದು ನಿದರ್ಶನ.

ಮೊದಲು ಪರೀಕ್ಷೆಯ ಕ್ರಮವನ್ನು ನೋಡೋಣ. ಆಹಾರ ಸೇವಿಸಿದ ಬಳಿಕ ರಕ್ತದಲ್ಲಿ ಕೊಬ್ಬು ಸೇರಿ ಕೆಲವು ಫಲಿತಾಂಶಗಳು ಕೆಡುವುದುಂಟು. ಆದುದರಿಂದ ಸಾಮಾನ್ಯವಾಗಿ 8ರಿಂದ 12 ಗಂಟೆಗಳ ಉಪವಾಸವನ್ನು ವೈದ್ಯರು ಸೂಚಿಸುವರು, ನೀರನ್ನು ತಡೆಯುವುದಿಲ್ಲ. ಎಳೆಯ ಮರಿಗಳಿಗೂ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕುಗಳಿಗೂ ಉಪವಾಸ ಅಪಾಯಕರವಾಗಬಹುದಾದ್ದರಿಂದ, ವೈದ್ಯರನ್ನು ಕೇಳಿಯೇ ನಡೆಯಬೇಕು.

ರಕ್ತವನ್ನು ಕತ್ತಿನ, ಮುಂಗಾಲಿನ ಅಥವಾ ಹಿಂಗಾಲಿನ ಒಳಬದಿಯ ಅಭಿಧಮನಿಯಿಂದ ತೆಗೆಯುವರು. ಸಹಾಯಕರೊಬ್ಬರು ಬೆಕ್ಕನ್ನು ಮೃದುವಾಗಿ ಹಿಡಿದಿರಲು, ವೈದ್ಯರು ಅಗತ್ಯವಿದ್ದರೆ ರೋಮವನ್ನು ಕತ್ತರಿಸಿ, ಸ್ಪಿರಿಟ್ ಹಚ್ಚಿ, ಸಣ್ಣ ಸೂಜಿಯನ್ನು ಚುಚ್ಚುವರು. ಬಹುಮಟ್ಟಿಗೆ 1ರಿಂದ 3 ಮಿಲಿಲೀಟರ್ ಸಾಕಾಗುತ್ತದೆ. 4 ಕಿಲೋಗ್ರಾಂ ತೂಕದ ಬೆಕ್ಕಿನಲ್ಲಿ ಸುಮಾರು 240 ಮಿಲಿಲೀಟರ್ ರಕ್ತವಿರುವುದರಿಂದ ಇಷ್ಟರಿಂದ ಅದಕ್ಕೆ ಬಾಧೆಯಿಲ್ಲ. ಬಳಿಕ ಆ ಸ್ಥಳವನ್ನು ಕೆಲಕಾಲ ಒತ್ತಿ ಹಿಡಿಯುವರು. ಸ್ವಲ್ಪ ಕಂದಿದ ಗುರುತು ಉಳಿಯಬಹುದು. ತೀರ ಬೆದರುವ ಬೆಕ್ಕಿಗೆ ಮಂಪರಿನ ಔಷಧ ಕೊಡುವುದೂ ಉಂಟು.

ಈ ಬೆದರಿಕೆಯೇ ಸಾಕ್ಷ್ಯವನ್ನು ಬದಲಿಸಬಲ್ಲದು. 1911ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಮತ್ತು ಸಂಗಡಿಗರು, ಕಟ್ಟಿಹಾಕಿದ್ದರಿಂದ ಉದ್ರೇಕಗೊಂಡ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನು ಪ್ರಕಟಿಸಿದರು. ಭಯದ ವೇಳೆ ಅಡ್ರಿನಲಿನ್ ಸ್ರವಿಸಿ, ಯಕೃತ್ತಿನಲ್ಲಿ ಸಂಗ್ರಹವಾಗಿರುವ ಸಕ್ಕರೆಯನ್ನು ರಕ್ತಕ್ಕೆ ಹರಿಯಿಸುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ದೇಹವು ಹೀಗೆ ಸಿದ್ಧವಾಗುತ್ತದೆ.

ಆರೋಗ್ಯವಂತ ಬೆಕ್ಕಿನ 100 ಮಿಲಿಲೀಟರ್ ರಕ್ತದಲ್ಲಿ ಸ್ಥೂಲವಾಗಿ 70ರಿಂದ 150 ಮಿಲಿಗ್ರಾಂ ಸಕ್ಕರೆಯಿರುವುದು. ಬೆದರಿದ ಬೆಕ್ಕಿನಲ್ಲಿ ಇದು 300ನ್ನೂ ಮೀರಬಹುದು. ಈ ಒಂದೇ ಅಂಕಿಯನ್ನು ನಂಬಿ ಮಧುಮೇಹವೆಂದು ತೀರ್ಮಾನಿಸಿ ಇನ್ಸುಲಿನ್ ಕೊಟ್ಟರೆ, ಸಕ್ಕರೆಯ ಪ್ರಮಾಣ ವಿಪರೀತ ಕುಸಿದು ಸೆಳವು, ಮೂರ್ಛೆ, ಮರಣವೂ ಸಂಭವಿಸಬಹುದು. ಸಾಕ್ಷ್ಯದ ತಪ್ಪು ಗ್ರಹಿಕೆಗೆ ಇಲ್ಲಿ ಪ್ರಾಣವೇ ಬೆಲೆ.

ಆದುದರಿಂದ ಎರಡನೆಯ ಸಾಕ್ಷಿಯನ್ನು ಕರೆಯಬೇಕಾಗುತ್ತದೆ. ಫ್ರಕ್ಟೋಸಮೀನ್ ಎಂಬ ಪರೀಕ್ಷೆಯು ಆ ಕ್ಷಣದ ಸಕ್ಕರೆಯನ್ನಲ್ಲ, ಹಿಂದಿನ ಒಂದೆರಡು ವಾರಗಳ ಸರಾಸರಿ ಸ್ಥಿತಿಯನ್ನು ಸೂಚಿಸುತ್ತದೆ. ಮನೆಯಲ್ಲಿ ಶಾಂತವಾಗಿರುವಾಗ ಸಂಗ್ರಹಿಸಿದ ಮೂತ್ರ, ಅತಿಯಾದ ಬಾಯಾರಿಕೆ, ತೂಕದ ಇಳಿಕೆ ಇವೂ ಪೋಷಕ ಸಾಕ್ಷ್ಯಗಳು. ಭಯವಲ್ಲದೆ ಬೇರೆ ಕಾರಣಗಳೂ ಅಂಕಿಗಳನ್ನು ಕೆಡಿಸಬಲ್ಲವು. ಬೆಕ್ಕಿನ ರಕ್ತದಲ್ಲಿನ ಪ್ಲೇಟ್‌ಲೆಟ್ ಕಣಗಳು ಸುಲಭವಾಗಿ ಗುಂಪುಗೂಡುವುದರಿಂದ ಯಂತ್ರವು ಅವನ್ನು ಕಡಿಮೆಯಾಗಿ ಎಣಿಸುವುದುಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಿಜಸ್ಥಿತಿ ತಿಳಿಯುವುದು.

ಸಾಕಿದವರ ಕರ್ತವ್ಯವೂ ಇಲ್ಲಿದೆ. ಬುಟ್ಟಿಗೆ ಬಟ್ಟೆ ಹೊದಿಸಿ, ನಾಯಿಗಳಿಂದ ದೂರವಿರಿಸಿ, ಬೆಕ್ಕನ್ನು ಆದಷ್ಟು ಶಾಂತವಾಗಿ ಕೊಂಡೊಯ್ಯಬೇಕು. ದಾರಿಯಲ್ಲಿ ಅದು ಬೆದರಿದ್ದರೆ ವೈದ್ಯರಿಗೆ ತಿಳಿಸಬೇಕು. ಅಂಕಿಯ ಪಕ್ಕದಲ್ಲಿ ಆ ಮಾತೂ ದಾಖಲಾದಾಗಲೇ ವರದಿಯು ಪೂರ್ಣವಾಗುವುದೆಂದು ನಮ್ಮ ಅಭಿಪ್ರಾಯ.